ಚಿಕ್ಕಮ್ಮನಿಗೆ ಯಾವ ಮೆಡಲ್ ಬಂತು?

ಪಕ್ಕದ ಮನೆಯ ಹುಡುಗ ಕೊರಳಲ್ಲಿ ಮೆಡಲ್ ಹಾಕಿಕೊಂಡೇ ಒಳಗೆ ಬಂದ. ದಾವಣಗೆರೆಯಿಂದ ಬ್ರಿಟನ್ನಿನ ನಮ್ಮ ಮನೆಗೆ ಬಂದಿದ್ದ ನನ್ನ ಅಮ್ಮ ಚಕ್ಕುಲಿ ಕೊಟ್ಟರು. ಎಂಟು ವರ್ಷದ ಪೋರ, ಕೇಳದಿದ್ದರೂ ಟೀಶರ್ಟ್ ಎತ್ತಿ ಹೊಟ್ಟೆ ತೋರಿಸಿದ. ಪಕ್ಕೆಲುಬಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಹೊಳೆಯುವ ಹೊಲಿಗೆ ಗುರುತು.

"ಲಿವರ್ ನಮ್ಮಮ್ಮಂದು. ಓಡಿದ್ದು ಮಾತ್ರ ನಾನು" ಅಂದ.

ಅವನು ಹೋಗಿದ್ದು ಬ್ರಿಟಿಷ್ ಟ್ರಾನ್ಸ್‌ಪ್ಲಾಂಟ್ ಗೇಮ್ಸ್‌ಗೆ. 2025ರ ಬೇಸಿಗೆಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆಯಿತು. ಕಿಡ್ನಿ, ಲಿವರ್, ಹೃದಯ ಕಸಿ ಮಾಡಿಸಿಕೊಂಡವರು ತಮಗೆ ಆಪರೇಷನ್ ಆದ ಆಸ್ಪತ್ರೆಯ ಟೀಮ್‌ನಲ್ಲಿ ಆಡುತ್ತಾರೆ. ಅಂಗ ಕೊಟ್ಟ ಮನೆಯವರನ್ನೂ ಕರೆಸಿ ಗೌರವಿಸುತ್ತಾರೆ. ಇದೆಲ್ಲ 1978ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಮಾರಿಸ್ ಸ್ಲೇಪಕ್ ಅನ್ನೋ ಸರ್ಜನ್ ಶುರು ಮಾಡಿದ್ದು. ಕಸಿ ಆದವರು ಹಾಸಿಗೆ ಹಿಡಿದವರಲ್ಲ ಅಂತ ತೋರಿಸೋಕೆ ಓಡಿಸೋದಕ್ಕಿಂತ ಸುಲಭದ ದಾರಿ ಇಲ್ಲ, ಅಲ್ವಾ?

ನನ್ನ ಅಮ್ಮನ ಕಣ್ಣಲ್ಲಿ ಆಗಲೇ ನೀರು. "ಪಾಪ, ಇಷ್ಟು ಸಣ್ಣ ಕೂಸಿಗೆ!" ಹುಡುಗನಿಗೆ ಅರ್ಥವಾಗಲಿಲ್ಲ. "ಗೆದ್ದಿದ್ದೀನಿ, ಅಜ್ಜಿ ಯಾಕೆ ಅಳ್ತಾರೆ?" ಅಂತ ನನ್ನನ್ನೇ ಕೇಳಿದ. ನಮ್ಮ ಚಿಕ್ಕಮ್ಮನೂ ಕಿಡ್ನಿ ಕೊಟ್ಟಿದ್ದಾರೆ, ಅದಕ್ಕೇ ನೆನಪಾಯ್ತು ಅಂತ ಏನೋ ಹೇಳಿದೆ. ಹುಡುಗ ಚಕ್ಕುಲಿ ಮುರಿಯುತ್ತಾ, "ಅವರಿಗೆ ಯಾವ ಮೆಡಲ್ ಬಂತು?" ಅಂದ.

ಚಿಕ್ಕಮ್ಮ ಕೊಟ್ಟಿದ್ದು ಚಿಕ್ಕಪ್ಪನಿಗೆ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದನ್ನು ಕೆಳಹೊಟ್ಟೆಯಲ್ಲಿ ಕೂರಿಸುತ್ತಾರೆ. ಹಾಗಾಗಿ ಚಿಕ್ಕಪ್ಪನ ಹತ್ತಿರ ಈಗ ಮೂರು, ಚಿಕ್ಕಮ್ಮನ ಹತ್ತಿರ ಒಂದು. ವಿದ್ಯಾನಗರದ ಮನೆಗೆ ಮೋಸಂಬಿ ಹಿಡಿದು ಬಂದವರೆಲ್ಲ ಚಿಕ್ಕಪ್ಪನ ಮಂಚದ ಸುತ್ತ ಕೂತರು. ಅವರಿಗೆ ಚಹಾ ಮಾಡಿದ್ದು ಯಾರು ಅಂದುಕೊಂಡಿರಿ? ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಹಾ ಸೋಸುತ್ತಿದ್ದರು.

ಅವರಿಗೇನಾಗಿದೆ ಅಂತ ಕೇಳಿದವರಿಗೆ ಮನೆಯವರು ಕೊಟ್ಟ ಉತ್ತರ, ಗರ್ಭಕೋಶದ ಆಪರೇಷನ್. ಮಗಳಿಗೆ ಗಂಡು ನೋಡುತ್ತಿದ್ದರು. ಕಾಯಿಲೆ ಮನೆತನ ಅಂತ ಗಂಡಿನ ಕಡೆಯವರು ಹಿಂದೆ ಸರಿದರೆ? ಕೊಟ್ಟವರೇ ಕದ್ದವರ ಹಾಗೆ ಬಾಯಿ ಮುಚ್ಚಿಕೊಂಡಿರಬೇಕಾಯ್ತು. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ. ಇಂಥ ಎಷ್ಟು ಗರ್ಭಕೋಶದ ಆಪರೇಷನ್‌ಗಳಿವೆಯೋ!

ನಮ್ಮ ಜನಕ್ಕೆ ಕೊಡುವ ಮನಸ್ಸಿಲ್ಲ ಅಂತ ನಾನು ಹೇಳಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡು ಕಣ್ಣು ಕೊಟ್ಟಾಗ ಕರ್ನಾಟಕದಲ್ಲಿ ಎಷ್ಟು ಜನ ಹೆಸರು ಬರೆಸಿದರು! ಅದೇ ವರ್ಷ ನಟ ಸಂಚಾರಿ ವಿಜಯ್ ಅವರ ಮನೆಯವರು ಆ ದುಃಖದಲ್ಲೂ ಅವರ ಅಂಗಾಂಗ ಕೊಟ್ಟರು. ರಾಜ್ಯದಲ್ಲಿ ಅಂಗದಾನಕ್ಕೆ ಹೆಸರು ನೋಂದಾಯಿಸಲು ಜೀವಸಾರ್ಥಕತೆ ಅನ್ನೋ ಸಂಸ್ಥೆ ಇದೆ. ಇಂಗ್ಲೆಂಡ್‌ನಲ್ಲಿ 2020ರಿಂದ, ಬೇಡ ಅಂತ ಬರೆಸದ ವಯಸ್ಕರು ಸಾಮಾನ್ಯವಾಗಿ ಸತ್ತ ಮೇಲೆ ಅಂಗ ಕೊಡಲು ಒಪ್ಪಿದಂತೆಯೇ ಅಂತ ಕಾನೂನು ಬಂದಿದೆ. ಆದರೂ ಕೊನೆಗೆ ಡಾಕ್ಟರು ಮನೆಯವರನ್ನೇ ಮಾತಾಡಿಸುತ್ತಾರೆ. ಅಂದರೆ ಬದುಕಿದ್ದಾಗಲೇ ಊಟದ ಹೊತ್ತಲ್ಲಿ ಈ ಮಾತು ಎತ್ತಬೇಕು. ನಮ್ಮ ಮನೆಗಳಲ್ಲಿ ಎತ್ತಿದರೆ "ಬಿಡ್ತು ಅನ್ನು" ಅಂತಾರೆ.

ರಾತ್ರಿ ಅಮ್ಮ ಸುಮ್ನಿರಲಾರದೆ ಚಿಕ್ಕಮ್ಮನಿಗೆ ಫೋನ್ ಹಚ್ಚಿದರು. ದಾವಣಗೆರೆಯಲ್ಲಿ ಆಗ ನಸುಕು. ಚಿಕ್ಕಮ್ಮ ಆಗಲೇ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್‌ನಲ್ಲಿದ್ದರು. ಹುಡುಗನ ಪ್ರಶ್ನೆ ಹೇಳಿದೆ. ಜೋರಾಗಿ ನಕ್ಕರು.

"ಮೆಡಲ್ ಇರ್ಲಿ ಬಿಡವ್ವ. ನಿಮ್ಮ ಚಿಕ್ಕಪ್ಪಗ ಬೆಳಗ್ಗೆ ಎದ್ದು ನಾಲ್ಕು ಹೆಜ್ಜೆ ನಡಿಯೋಕೆ ಹೇಳು. ನಾನು ಕೊಟ್ಟಿದ್ದು ಸೋಫಾ ಮ್ಯಾಲೆ ಕುಂದ್ರಾಕಲ್ಲ."