ಪೆಟ್ರೋಲ್ ಕಾಕ್ ಆಫ್ ಇದ್ದರೂ ಸೋರುತ್ತಿತ್ತು: ಹಳೇ ಬೈಕ್ ಕೆಲಸದ ಡೈರಿ

ಮೊದಲ ಭಾನುವಾರ

ಶೆಡ್ ಬಾಗಿಲು ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಮುಖಕ್ಕೆ ಹೊಡೆಯಿತು. ಬೈಕ್ ಹತ್ತು ದಿನದಿಂದ ನಿಂತಲ್ಲೇ ಇತ್ತು. ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ, ಅಂದರೆ ಕಾಕ್, ಆಫ್‌ನಲ್ಲಿತ್ತು, ನಾನೇ ತಿರುಗಿಸಿಟ್ಟಿದ್ದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಹಾಗಾದರೆ ವಾಸನೆ ಎಲ್ಲಿಂದ?

ಲೈಟ್ ಸ್ವಿಚ್ ಮುಟ್ಟಲಿಲ್ಲ. ಬಾಗಿಲು, ಕಿಟಕಿ ಎಲ್ಲ ತೆಗೆದಿಟ್ಟು ಸ್ವಲ್ಪ ಹೊತ್ತು ಹೊರಗೇ ನಿಂತೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೆ ಏರಿ ಹೋಗುವುದಿಲ್ಲ, ನೆಲ ಹಿಡಿದು ಹರಡಿ ಮೂಲೆಯಲ್ಲಿ ಕೂರುತ್ತದೆ. ಗಾಳಿಯಲ್ಲಿ 1.4 ಪರ್ಸೆಂಟ್ ಸೇರಿಕೊಂಡರೂ ಸಾಕು, ಸ್ವಿಚ್ ಒಳಗಿನ ಸಣ್ಣ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಆಮೇಲೆ ಬೈಕನ್ನು ತಳ್ಳಿಕೊಂಡು ಬಯಲಿಗೆ ತಂದೆ. ಕಿಕ್ ಹೊಡೆಯುವ ಮುಂಚೆ ಸುಮ್ನೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎತ್ತಿ ನೋಡಿದೆ. ಎದೆ ಧಸಕ್ ಅಂತು. ಆಯಿಲ್ ಮೇಲಿನ ಗೆರೆಗಿಂತ ಎಷ್ಟೋ ಮೇಲಿತ್ತು. ಬೆರಳಿಗೆ ಹಚ್ಚಿಕೊಂಡರೆ ಜಿಡ್ಡೇ ಇಲ್ಲ, ನೀರಿನ ಹಾಗೆ ಜಾರಿತು. ಮೂಗಿಗೆ ಹಿಡಿದರೆ ಅದೇ ಪೆಟ್ರೋಲ್ ವಾಸನೆ.

ಅಂದರೆ ಪೆಟ್ರೋಲ್ ಹೊರಗೆ ಸುರಿದಿರಲಿಲ್ಲ, ಇಂಜಿನ್ ಒಳಗೆ ಇಳಿದಿತ್ತು. ನೆಲಕ್ಕೆ ಬಿದ್ದ ಹನಿಯಾದರೂ ಕಣ್ಣಿಗೆ ಕಾಣುತ್ತದೆ ಅಲ್ವಾ? ಇದು ಕಾಣುವುದೇ ಇಲ್ಲ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗೆ, ಅಲ್ಲಿಂದ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಜಾರಿ ಆಯಿಲ್‌ಗೆ. ಆ ಆಯಿಲ್‌ನಲ್ಲೇ ಓಡಿಸಿದ್ದರೆ ಬೇರಿಂಗ್‌ಗಳು ಒಣಗಿದ ಹಾಗೇ ಉಜ್ಜುತ್ತಿದ್ದವು. ಸಿಲಿಂಡರ್ ತುಂಬ ಪೆಟ್ರೋಲ್ ನಿಂತಿದ್ದರೆ ಅದಕ್ಕಿಂತ ಕೆಟ್ಟದ್ದು. ದ್ರವವನ್ನು ಪಿಸ್ಟನ್ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸೆಲ್ಫ್ ಒತ್ತಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿಯೇ ಹೋಗಬಹುದು.

ಬ್ಯಾಟರಿ ವೈರ್ ಬಿಚ್ಚಿ, ಸ್ಪಾರ್ಕ್ ಪ್ಲಗ್ ತೆಗೆದು, ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ಪ್ಲಗ್ ತೂತಿಗೆ ಹಿಡಿದ ಬಟ್ಟೆ ಒದ್ದೆಯಾಯಿತು. ಆಯಿಲ್ ಇಳಿಸಿ ಅಳೆದೆ. ಹಾಕಿದ್ದು 1 ಲೀಟರ್, ಬಂದಿದ್ದು 1.3 ಲೀಟರ್.

ಎರಡನೇ ದಿನ

ಕಾರ್ಬೊರೇಟರ್‌ನಿಂದ ಪೈಪ್ ಕಳಚಿ ಅದರ ತುದಿಯನ್ನು ಒಂದು ಗಾಜಿನ ಬಾಟಲಿಗೆ ಇಳಿಬಿಟ್ಟೆ. ಕಾಕ್ ಆಫ್. ಬೈಕ್ ಬಯಲಿನಲ್ಲಿ, ನೆರಳಿನಲ್ಲಿ. ಮುಂದೆ ಕೂತು ಗಡಿಯಾರ ನೋಡಿದೆ. ಪೈಪಿನ ತುದಿಯಲ್ಲಿ ಹನಿ ನಿಧಾನಕ್ಕೆ ದಪ್ಪವಾಗಿ, ನಡುಗಿ, ಬೀಳುತ್ತಿತ್ತು. ನಿಮಿಷಕ್ಕೆ ಒಂದೇ ಹನಿ. ಇಷ್ಟೇನಾ ಅನ್ನಿಸುತ್ತದೆ. ಆದರೆ 24 ಗಂಟೆ ಬಿಟ್ಟು ಅಳೆದಾಗ 35 ಎಂಎಲ್ ಇತ್ತು. ಹತ್ತು ದಿನಕ್ಕೆ 350. ಆಯಿಲ್ ಲೆಕ್ಕಕ್ಕೆ ಹೆಚ್ಚುಕಡಿಮೆ ತಾಳೆ ಆಯಿತು.

ಕಾಕ್ ಒಂದೇ ಕೆಟ್ಟರೆ ಇಷ್ಟಾಗುವುದಿಲ್ಲ. ಅದರ ನಂತರ ಕಾರ್ಬೊರೇಟರ್‌ನಲ್ಲಿ ಫ್ಲೋಟ್ ನೀಡಲ್ ಇದೆ, ಬಟ್ಟಲು ತುಂಬಿದಾಗ ಅದು ದಾರಿ ಮುಚ್ಚಬೇಕು. ಬಿಚ್ಚಿ ನೋಡಿದರೆ ನೀಡಲ್ ಮೊನೆಯ ಸುತ್ತ ಉಂಗುರದ ಹಾಗೆ ಸವೆದ ಗುರುತು. ಸರಿ, ಆಗಲೂ ಹೆಚ್ಚಾದ ಪೆಟ್ರೋಲ್ ಓವರ್‌ಫ್ಲೋ ಪೈಪಿನಿಂದ ಹೊರಗೆ ಹೋಗಬೇಕಿತ್ತು. ಆ ಪೈಪಿನ ತುದಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು! ತಂತಿ ಹಾಕಿ ಕೆರೆದಾಗ ಒಣಮಣ್ಣು ಉದುರಿತು. ಮೂರು ಕಾವಲೂ ಒಟ್ಟಿಗೆ ಕೈಕೊಟ್ಟಿದ್ದವು. ಈ ಸಣ್ಣ ಪೈಪನ್ನು ಯಾರೂ ನೋಡುವುದಿಲ್ಲ, ದಯವಿಟ್ಟು ಇವತ್ತೇ ಒಮ್ಮೆ ನೋಡಿ.

ನಾಲ್ಕನೇ ದಿನ

ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿದೆ. ಎರಡು ಸ್ಕ್ರೂ ತೆಗೆದರೆ ಮುಚ್ಚಳ, ಅಲೆಅಲೆಯಾದ ಸ್ಪ್ರಿಂಗ್ ವಾಷರ್, ಹಿಡಿ, ಅದರ ಹಿಂದೆ ನಾಲ್ಕು ತೂತಿನ ರಬ್ಬರ್ ಬಿಲ್ಲೆ. ಇಡೀ ಕಾಕ್ ನಿಂತಿರುವುದು ಈ ಬಿಲ್ಲೆಯ ಮೇಲೆ. ಉಗುರಿನಷ್ಟು ಗಟ್ಟಿಯಾಗಿತ್ತು. ಒಂದು ತೂತಿನಿಂದ ಪಕ್ಕದ ತೂತಿಗೆ ಕೂದಲೆಳೆಯಷ್ಟು ಸಣ್ಣ ಗೀರು. ಟ್ಯಾಂಕಿನಿಂದ ಬಂದ ತುಕ್ಕಿನ ಕಣ ಹಿಡಿಯ ಕೆಳಗೆ ಸಿಕ್ಕಿ ಗೀರಿತ್ತು. ಎಥನಾಲ್ ಬೆರೆತ ಪೆಟ್ರೋಲೂ ಹಳೇ ರಬ್ಬರಿಗೆ ಆಗಿಬರುವುದಿಲ್ಲ, ಕೆಲವು ಉಬ್ಬುತ್ತವೆ, ಕೆಲವು ಬಿರಿಯುತ್ತವೆ.

ಹೊಸ ಬಿಲ್ಲೆ, ಹೊಸ ಓ-ರಿಂಗ್, ಹೊಸ ನೀಡಲ್ ಹಾಕಿದೆ. ಹಿಡಿಯ ಲೋಹದ ಮುಖದಲ್ಲೂ ಗೀರಿತ್ತು. 1000 ನಂಬರ್ ಉಜ್ಜುವ ಪೇಪರನ್ನು ಗಾಜಿನ ಮೇಲೆ ಹರಡಿ ನಿಧಾನಕ್ಕೆ ಉಜ್ಜಿ ನುಣುಪು ಮಾಡಿದೆ. ಸಿಲಿಕಾನ್ ಗಮ್ ಮೆತ್ತುವ ಯೋಚನೆ ಬೇಡವೇ ಬೇಡ. ಪೆಟ್ರೋಲ್ ತಾಗಿ ಅದು ಉಬ್ಬಿ, ಚೂರಾಗಿ, ಕಾರ್ಬೊರೇಟರ್‌ನ ಸಣ್ಣ ತೂತಿಗೆ, ಅಂದರೆ ಜೆಟ್‌ಗೆ ಹೋಗಿ ಕೂರುತ್ತದೆ.

ಇಂಜಿನ್ ಓಡುವಾಗಿನ ಎಳೆತಕ್ಕೆ ಮಾತ್ರ ತೆರೆಯುವ ವ್ಯಾಕ್ಯೂಮ್ ಕಾಕ್ ಇರುವವರಿಗೆ ಒಂದು ಮಾತು. ಅದರ ಒಳಗಿನ ತೆಳು ರಬ್ಬರ್ ಪೊರೆ, ಡಯಾಫ್ರಾಮ್, ತೂತಾದರೆ ವ್ಯಾಕ್ಯೂಮ್ ಪೈಪಿನಲ್ಲೇ ಪೆಟ್ರೋಲ್ ಇಂಜಿನ್‌ಗೆ ಹೋಗುತ್ತದೆ. ಆ ಪೈಪ್ ಕಿತ್ತು ನೋಡಿ, ಒಳಗೆ ಒದ್ದೆ ಇರಬಾರದು.

ಏಳನೇ ದಿನ

ಮತ್ತೆ ಅದೇ ಬಾಟಲಿ, ಅದೇ 24 ಗಂಟೆ. ತಳ ಒಣಗಿತ್ತು. ಆನ್ ಮಾಡಿದರೆ ಸಲೀಸಾಗಿ ಹರಿಯಿತು, ರಿಸರ್ವ್‌ನಲ್ಲೂ ಸರಿ ಇದೆ.

ಹೊಸ ಆಯಿಲ್ ಹಾಕಿ ಐದು ನಿಮಿಷ ಇಂಜಿನ್ ಓಡಿಸಿದೆ, ಅದನ್ನೂ ಇಳಿಸಿ ಮತ್ತೆ ಹೊಸದು ತುಂಬಿದೆ. ಹಳೆಯದರ ಪಸೆ ಉಳಿಯುವುದು ಬೇಡ. ಡಿಪ್‌ಸ್ಟಿಕ್ ಮೇಲೆ ಆಯಿಲ್ ಎಲ್ಲಿದೆಯೋ ಅಲ್ಲಿಗೆ ಮಾರ್ಕರ್‌ನಿಂದ ಗೆರೆ ಎಳೆದಿದ್ದೇನೆ. ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ, ಮೂರು ದಿನದಿಂದ ಕದಲಿಲ್ಲ.

ಮುಂದಿನ ವಾರ ಟ್ಯಾಂಕಿನ ತುಕ್ಕು ತೆಗೆಯಬೇಕು. ಅಲ್ಲಿಯವರೆಗೆ ಬೈಕ್ ಶೆಡ್ ಒಳಗೆ ಹೋಗುವುದಿಲ್ಲ.