ನ್ಯಾಷನಲ್ ಟ್ರೆಷರ್ ಕನ್ನಡಕ: ಮೂರನೇ ವಾರ, ಕೀಲು ಕೂತ್ಕೊಳ್ತು

'ನ್ಯಾಷನಲ್ ಟ್ರೆಷರ್' ಸಿನಿಮಾದಲ್ಲಿ ಬರೋ ಬಣ್ಣದ ಗಾಜಿನ ಕನ್ನಡಕದಂಥದ್ದೇ ಒಂದನ್ನ ನಾನೇ ಮಾಡ್ತಿದೀನಿ. ಎರಡು ವಾರದಿಂದ ಅದರ ಬಣ್ಣದ ಗಾಜು ಮೇಲೆತ್ತಿದ್ರೆ ತಾನಾಗೇ ಕೆಳಗೆ ಬೀಳ್ತಿತ್ತು, ಕೊನೆಗೆ ಮಂಡಿಪೇಟೆ ಹತ್ರ ನಮಗೆ ಗೊತ್ತಿರೋ ಆಚಾರ್ರ ಹತ್ರ ತಗೊಂಡು ಹೋದೆ. ಅವ್ರು ಕೈಲಿ ತಿರುಗಿಸಿ ನೋಡಿ, ಹಳೇ ಓಲೆದೊಂದು ತಿರುಪು ಹುಡುಕಿ ಕೀಲಿಗೆ ಹಾಕ್ಕೊಟ್ರು. ಈಗ ಎತ್ತಿದ ಜಾಗದಲ್ಲೇ ನಿಲ್ಲುತ್ತೆ, ಮಡಚುವಾಗ ಟಿಕ್ ಅಂತ ಸದ್ದೂ ಬರುತ್ತೆ. ಆ ಸದ್ದು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಇದು 2004ರ ಸಿನಿಮಾದ ಕನ್ನಡಕ. ಕಥೇಲಿ ಬೆಂಜಮಿನ್ ಫ್ರಾಂಕ್ಲಿನ್ ಮಾಡಿಟ್ಟಿದ್ದು ಅಂತ ಬರುತ್ತೆ, ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ ಒಂದು ಇಟ್ಟಿಗೆ ಹಿಂದೆ ನಿಕೋಲಸ್ ಕೇಜ್‌ಗೆ ಸಿಗುತ್ತೆ, ಅದನ್ನ ಹಾಕ್ಕೊಂಡು ಅಮೆರಿಕದ ಸ್ವಾತಂತ್ರ್ಯ ಘೋಷಣೆ ಹಾಳೆ ಹಿಂಬದಿ ನೋಡಿದ್ರೆ ಬರಹ ಕಾಣುತ್ತೆ. ಸಿನಿಮಾದಲ್ಲಿ ತಪ್ಪು ಬೇಕಾದಷ್ಟಿದೆ. 1776ರ ಹಾಳೆಗೆ ಅಡುಗೆಮನೇಲಿ ನಿಂಬೆರಸ ಹಚ್ತಾರೆ, ನೋಡೋವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನೂರು ಡಾಲರ್ ನೋಟಿನ ಚಿತ್ರದಲ್ಲಿರೋ ಗಡಿಯಾರ 2:22 ತೋರಿಸುತ್ತೆ ಅಂತಾರೆ, ಆಗಿನ ನಿಜವಾದ ನೋಟಲ್ಲಿ ಸುಮಾರು 4:10 ಇತ್ತು. ಆದ್ರೂ ನಾನು ವರ್ಷಕ್ಕೊಂದ್ಸಲ ನೋಡೇ ನೋಡ್ತೀನಿ, ಯಾಕಂದ್ರೆ ಬರೆದವರು ಸುಳಿವನ್ನ ಬಾಯಿಮಾತಲ್ಲಿ ಮುಗಿಸಲ್ಲ, ಕೈಗೆ ಒಂದು ವಸ್ತು ಕೊಡ್ತಾರೆ. ಮೊದಲಲ್ಲಿ ಹಿಮದಲ್ಲಿ ಹೂತ ಹಡಗಲ್ಲಿ ಸಿಗೋ ಚಿಲುಮೆ, ಅದರ ಕೊಳವೆ ಮೇಲೆ ಕೆತ್ತಿರೋ ಒಗಟು, ಅದನ್ನ ರಕ್ತದಲ್ಲಿ ಹೊರಳಿಸಿ ಕಾಗದದ ಮೇಲೆ ಅಚ್ಚು ತೆಗೆಯೋದು. ಆಮೇಲೆ ಈ ಕನ್ನಡಕ. ಒಂದ್ಸಲ ಓದಿದ ಮೇಲೆ ಅದರ ಕೆಲಸ ಮುಗೀತು ಅನ್ಕೊಂಡಿರ್ತೀವಿ, ಮುಂದೆ ಅದೇ ಹಾಳೇನ ಅದೇ ಕನ್ನಡಕದ ಬೇರೆ ಗಾಜಲ್ಲಿ ನೋಡಿದಾಗ 'ಪಾರ್ಕಿಂಗ್ಟನ್ ಲೇನ್' ಅಂತ ಬರುತ್ತೆ, ರಸ್ತೆ ಹೆಸರು ಅನ್ಸುತ್ತೆ, ಕೊನೆಗೆ ನೋಡಿದ್ರೆ ಅದು ಸಮಾಧಿಯೊಳಗೆ ಮಲಗಿರೋ ಮನುಷ್ಯನ ಹೆಸರು! ಈ ತಿರುವಿಗೆ ನಾನು ಸೋತುಹೋಗಿದೀನಿ.

ಅದಕ್ಕೇ ಶೋಕೇಸಲ್ಲಿಡೋ ಕನ್ನಡಕ ನನಗೆ ಬೇಡ, ಕೆಲಸ ಮಾಡ್ಬೇಕು.

ಫ್ರೇಮಿಗೆ ಹಿತ್ತಾಳೆ ಪಟ್ಟಿ, ಗಾಜಿಗೆ ನಾಟಕದ ಲೈಟಿಗೆ ಕಟ್ಟೋ ಜಿಲೆಟಿನ್ ಪೇಪರ್. ಲೆಕ್ಕ ಸುಲಭ, ಕೆಂಪು ಗಾಜಲ್ಲಿ ಬಿಳಿ ಹಾಳೆನೂ ಕೆಂಪು, ಕೆಂಪು ಇಂಕೂ ಕೆಂಪು, ಹಂಗಾಗಿ ಕೆಂಪು ಅಕ್ಷರ ಮಾಯ, ತಿಳಿನೀಲಿ ಅಕ್ಷರ ಮಾತ್ರ ಕಪ್ಪಗೆ ಎದ್ದು ಬರುತ್ತೆ, ನೀಲಿ ಗಾಜಲ್ಲಿ ಇದು ಉಲ್ಟಾ. ಒಂದರ ಮೇಲೊಂದು ಎರಡೂ ಬಣ್ಣದಲ್ಲಿ ಪ್ರಿಂಟ್ ಹಾಕಿದ್ರೆ ಒಂದೇ ಹಾಳೇಲಿ ಎರಡು ಮಾತು. ಮೊದಲನೇ ಪ್ರಿಂಟಲ್ಲಿ ನೀಲಿ ಗಾಢ ಆಗಿ ಬರಿಗಣ್ಣಿಗೇ ಓದೋಕಾಯ್ತು, ನಾಲ್ಕನೇದಕ್ಕೆ ಹದ ಸಿಕ್ತು. ನೀಲಿ ಜಿಲೆಟಿನ್ ಒಂದು ಪದರ ಸಾಲ್ದೇ ಎರಡು ಹಾಕಿದೀನಿ.

ನಿನ್ನೆ ಅಕ್ಕನ ಮಗನಿಗೆ ಕೊಟ್ಟೆ. ಕೆಂಪು ಗಾಜು ಇಳಿಸಿ ಅಕ್ಷರ ಅಕ್ಷರ ಕೂಡಿಸಿ ಓದ್ದ, 'ಚಿಲುಮೆ'. ತಕ್ಷಣ ಎದ್ದು "ಮಾವ, ತಾತ ಸೇದ್ತಿದ್ದ ಚಿಲುಮೆ ಅಟ್ಟದ್ಮೇಲೈತಾ?" ಅಂತ ಏಣಿ ಹುಡುಕೋಕೆ ಹೋದ. ನಾನು ತುಟಿ ಬಿಚ್ಚಲಿಲ್ಲ. ನೀಲಿ ಗಾಜಲ್ಲಿ ಇರೋದು 'ನಾಮದ' ಅಂತ.

ಅವನಿನ್ನೂ ಅದನ್ನ ಇಳಿಸಿಲ್ಲ. ಭಾನುವಾರದೊಳಗೆ ಇಳಿಸಿದ್ರೆ ಬೆಳಿಗ್ಗೆನೇ ಗಾಡಿ ತೆಗೆದು ದೇವರಾಯನದುರ್ಗದ ಕಡೆ, ಬಂಡೇಲಿ ನೀರು ಜಿನುಗೋ ಆ ನಾಮದ ಚಿಲುಮೆಗೆ.