ಕಟ್ಟದ ನೀರಿಗೆ ನಾಲ್ಕನೇ ನಂಬರಿನ ಕೋಲು

ಡಿಸೆಂಬರ್ ಬಂತೆಂದರೆ ನಮ್ಮ ತೋಡಿಗೆ ಕಟ್ಟ ಬೀಳುತ್ತದೆ. ಕಲ್ಲು, ಮಣ್ಣು ಪೇರಿಸಿ ಅಡ್ಡ ಕಟ್ಟಿದರೆ ಹಿಂದೆ ಸೊಂಟದ ಮಟ್ಟಕ್ಕೆ ನೀರು ನಿಲ್ಲುತ್ತದೆ. ಬೇಸಗೆಗೆ ಅಡಿಕೆ ತೋಟಕ್ಕೆ ಅದೇ ಆಧಾರ. ನಮ್ಮ ಮನೆ ಮುಳ್ಳೇರಿಯ ಹತ್ತಿರ. ಈ ತೋಡು ಮುಂದೆ ಪಯಸ್ವಿನಿಯನ್ನು ಸೇರುತ್ತದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ ಬರುವ ಆ ಹೊಳೆ ಕಾಸರಗೋಡಿನ ಹತ್ತಿರ ಬರುವಾಗ ಚಂದ್ರಗಿರಿ.

ಸಂಜೆ ಐದರ ಹೊತ್ತಿಗೆ ಕಟ್ಟದ ನೀರಿನ ಮೇಲೆ ಪುಟ್ಟ ಪುಟ್ಟ ಉಂಗುರಗಳು ಏಳುತ್ತವೆ. ಸಣ್ಣ ಮೀನು ಮೇಲೆ ಬಂದು ಹುಳ ಹಿಡಿಯುವ ಗುರುತು ಅದು. ಆ ಉಂಗುರಗಳನ್ನು ನೋಡಿಯೇ ನನಗೆ ಫ್ಲೈ ಫಿಶಿಂಗ್ ಆಸೆ ಹತ್ತಿದ್ದು. ಇದರಲ್ಲಿ ಎರೆಹುಳು ಇಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಳವೇ ಎಲ್ಲ. ಆದರೆ ಆ ಹುಳಕ್ಕೆ ತೂಕವೇ ಇಲ್ಲ, ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಅದಕ್ಕೇ ಇಲ್ಲಿ ದಾರಕ್ಕೆ ತೂಕ ಕೊಟ್ಟಿದ್ದಾರೆ. ಕೋಲು ಬೀಸುವುದು ದಾರವನ್ನು. ಹುಳ ಅದರ ಹಿಂದೆ ಹೋಗುತ್ತದೆ, ಅಷ್ಟೇ.

ಇದು ಗೊತ್ತಾಗುವ ಮೊದಲೇ ನಾನು ಕೋಲು ಕೊಂಡಾಗಿತ್ತು. ಅಂಗಡಿಯವರು 8ನೇ ನಂಬರಿನದು ಕೊಟ್ಟರು. ಗಟ್ಟಿ ಇದೆ, ಎಲ್ಲದಕ್ಕೂ ಆಗುತ್ತದೆ ಎಂದರು. ನಂಬಿದೆ. ಕಟ್ಟದಲ್ಲಿ ಮೊದಲ ಸಂಜೆಯೇ ಒಂದು ಮೀನು ಸಿಕ್ಕಿತು, ಅಂಗೈಯಷ್ಟೂ ಇರಲಿಲ್ಲ. ಅದು ಎಳೆದದ್ದು ನನ್ನ ಕೈಗೆ ತಿಳಿಯಲೇ ಇಲ್ಲ. ಕೋಲು ಬಾಗಲಿಲ್ಲ. ಮೀನು ಗಾಳಿಯಲ್ಲಿ ಹಾರಿ ದಡಕ್ಕೆ ಬಂದು ಬಿತ್ತು. ಅದನ್ನು ನೀರಿಗೆ ಬಿಡುವಾಗ ನಿಜಕ್ಕೂ ಬೇಸರವಾಯಿತು.

ಭಾವ ಅಲ್ಲೇ ಬಿದಿರಿನ ಗಾಳ ಹಿಡಿದು ಕೂತಿದ್ದರು. ನನ್ನ ಕೋಲಿನ ತುದಿ ಹಿಡಿದು ಅಲುಗಿಸಿ ನೋಡಿ ನನಗೆ ಹೇಳಿದರು:

"ಮೀನು ಎಷ್ಟು ದೊಡ್ಡದು ಅಂತ ನೋಡಿ ಬಿದಿರು ಕಡಿಯುವುದಲ್ವಾ ಭಾವ? ನೀವು ಮೊದಲೇ ಕಡಿದುಬಿಟ್ಟಿದ್ದೀರಿ."

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಮೀನಿನಿಂದ ಶುರು ಮಾಡಿ ಲೆಕ್ಕ ಹಾಕಿದೆ. ನಮ್ಮ ತೋಡಿನದು ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯ ಗೆಂಡೆ, ಮೈಗೆ ಅಡ್ಡ ಪಟ್ಟೆಯ ಬೆರಳುದ್ದದ ಮೀನು. ಅಮೆರಿಕದವರು ಬ್ಲೂಗಿಲ್, ಕ್ರಾಪಿಯಂಥ ಸಣ್ಣ ಮೀನಿಗೆ ಪ್ಯಾನ್‌ಫಿಶ್ ಎನ್ನುತ್ತಾರೆ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಮೀನು. ಅದಕ್ಕೆ ಅವರು ಬಳಸುವುದು 3ರಿಂದ 5ನೇ ನಂಬರಿನ ಕೋಲು. ಕೋಲಿನ ಈ ನಂಬರು ಅದಕ್ಕೆ ಹೊಂದುವ ದಾರದ ಮೊದಲ 30 ಅಡಿಯ ತೂಕದ ಲೆಕ್ಕ. 4ನೇ ನಂಬರಿನ ದಾರ ಅಷ್ಟುದ್ದಕ್ಕೆ ಸುಮಾರು 8 ಗ್ರಾಂ ತೂಗುತ್ತದೆ, 8ನೇದು 13 ಗ್ರಾಂ ದಾಟುತ್ತದೆ. ಆಳವಿಲ್ಲದ ನೀರಿನ ಮೇಲೆ ಅಷ್ಟು ಭಾರದ ದಾರ ಬಿದ್ದರೆ ಮೀನು ಓಡದೆ ಇರುತ್ತದೆಯೇ?

3ನೇದು ಇನ್ನೂ ನಾಜೂಕು. ಆದರೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಬೀಸುತ್ತದೆ. ಹೊಸಬರ ಕೈಗೆ ಅದು ಕಷ್ಟ. ಹಾಗಾಗಿ 4ನೇದನ್ನೇ ಆರಿಸಿದೆ, 8 ಅಡಿಯದು. ರೀಲಿಗೆ ಜಾಸ್ತಿ ದುಡ್ಡು ಹಾಕಲಿಲ್ಲ. ಇಂಥ ಮೀನಿಗೆ ಅದು ದಾರ ಸುತ್ತಿಡುವ ಡಬ್ಬಿ ಮಾತ್ರ. ಉಳಿದದ್ದನ್ನೆಲ್ಲ ದಾರಕ್ಕೆ ಹಾಕಿದೆ. ನೀರಲ್ಲಿ ತೇಲುವ, ಮುಂದಿನ ಭಾಗ ದಪ್ಪ ಇರುವ ದಾರ. ದುಬಾರಿ ಕೋಲಿಗೆ ಕಳಪೆ ದಾರ ಹಾಕುವುದಕ್ಕಿಂತ ಸಾದಾ ಕೋಲಿಗೆ ಒಳ್ಳೆಯ ದಾರ ಹಾಕುವುದು ಮೇಲು ಎಂದು ನನಗೆ ಈಗ ಖಾತ್ರಿಯಾಗಿದೆ. ಅದರ ತುದಿಗೆ ಏಳೂವರೆ ಅಡಿಯ ಲೀಡರ್, ಅಂದರೆ ದಾರಕ್ಕೂ ಹುಳಕ್ಕೂ ನಡುವಿನ ತೆಳು ಎಳೆ, ಕೊನೆಗೆ 0.15 ಮಿಲಿಮೀಟರ್ ದಪ್ಪದ ಎಳೆ. ಇನ್ನೊಂದು ಮಾತು. ಸೊಳ್ಳೆಗೆಂದು ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಹಚ್ಚಿದ ಕೈಯಲ್ಲಿ ಈ ದಾರ ಮುಟ್ಟಬೇಡಿ. ಮೇಲಿನ ಪದರ ಕರಗಿ ಹಾಳಾಗುತ್ತದೆ.

ಕೊಕ್ಕೆ 12, 14ನೇ ಅಳತೆಯದು. ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದು. ಗೆಂಡೆಯ ಬಾಯಿ ಎಷ್ಟಿದೆ ಅಂತ ನೋಡಿದವರಿಗೆ ಅರ್ಥವಾದೀತು. ಹುಳ ಕೊಳ್ಳಲಿಲ್ಲ. ನಮ್ಮ ಹುಂಜದ ಕತ್ತಿನ ಗರಿಯನ್ನೇ ಕಪ್ಪು ನೂಲಿನಲ್ಲಿ ಸುತ್ತಿದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದೆ. ಬಿಡುವಾಗ ಮೀನಿಗೆ ಗಾಯ ಕಡಿಮೆ.

ಒಂದು ವಾರ ಗದ್ದೆಯಲ್ಲಿ ಕೊಕ್ಕೆ ಇಲ್ಲದೆ, ಉಣ್ಣೆಯ ತುಂಡು ಕಟ್ಟಿ ಬೀಸಿದೆ. ಹಿಂದಕ್ಕೆ ಎತ್ತಿ, ದಾರ ಪೂರ್ತಿ ಚಾಚುವವರೆಗೆ ಒಂದು ಕ್ಷಣ ಕಾಯಬೇಕು. ನನಗೆ ಆ ಕಾಯುವುದೇ ಕಲಿಯಲು ಸಿಕ್ಕಾಪಟ್ಟೆ ಕಷ್ಟವಾಯಿತು. ಕಟ್ಟದ ಹತ್ತಿರವಂತೂ ಹಿಂದೆಲ್ಲ ಅಡಿಕೆ ಮರ, ಹಿಂದಕ್ಕೆ ಬೀಸಲು ಜಾಗವೇ ಇಲ್ಲ. ಅಲ್ಲಿ ದಾರವನ್ನು ನೀರಿನ ಮೇಲಿಂದಲೇ ನಿಧಾನ ಎಳೆದು ಮುಂದಕ್ಕೆ ಉರುಳಿಸಬೇಕು. ಅದಕ್ಕೆ ರೋಲ್ ಕಾಸ್ಟ್ ಎನ್ನುತ್ತಾರೆ.

ಮುಂದಿನ ಭಾನುವಾರ ಸಂಜೆ ಐದೂಕಾಲಿಗೆ ಒಂದು ಉಂಗುರದ ಪಕ್ಕದಲ್ಲೇ ನನ್ನ ಹುಳ ಇಳಿಯಿತು. ಟಪ್ ಎಂದಿತು. ಕೋಲು ಹಿಡಿಯ ತನಕ ಬಾಗಿತು. ಅಂಥದೇ ಸಣ್ಣ ಗೆಂಡೆ. ಆದರೆ ಈ ಸಲ ಅದರ ಒಂದೊಂದು ತಿರುವೂ ಬೆರಳಿಗೆ ಬರುತ್ತಿತ್ತು. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿದೆ. ಮೀನು ಕಲ್ಲಿನ ಸಂದಿಗೆ ಜಾರಿತು.

ಭಾವ ತಮ್ಮ ಬಿದಿರನ್ನು ಕಟ್ಟಕ್ಕೆ ಒರಗಿಸಿಟ್ಟು ಎದ್ದು ಬಂದರು. "ಸ್ವಲ್ಪ ಕೊಡಿ ನೋಡುವಾ," ಎಂದು ಕೈ ಚಾಚಿದರು. ಕತ್ತಲಾಗುವವರೆಗೂ ಕೋಲು ಅವರ ಕೈಯಲ್ಲೇ ಇತ್ತು.